ಬೆಚ್ಚಗಿನ ಊರಿಂದ ಮನೆಗೆ: ಟೆಕ್ಸಸ್‌ನಿಂದ ಮಿನೆಸೋಟಕ್ಕೆ ಆರ್‌ವಿಯಲ್ಲಿ ವಾಪಸ್ ಬರುವ ಸಮಗ್ರ ಮಾರ್ಗದರ್ಶಿ

ಚಳಿಗಾಲ ಕಳೆಯಲು ದಕ್ಷಿಣಕ್ಕೆ ಹೋಗುವುದು ಸುಲಭ. ಕಷ್ಟ ಇರುವುದು ವಾಪಸ್ ಬರುವುದರಲ್ಲಿ. ನವೆಂಬರ್‌ನಲ್ಲಿ ಮಿನೆಸೋಟ ಬಿಟ್ಟರೆ ದಾರಿಯುದ್ದಕ್ಕೂ ಒಂದೊಂದೇ ಸ್ವೆಟರ್ ಕಳಚುತ್ತಾ ಹೋಗಬಹುದು. ಮಾರ್ಚ್‌ನಲ್ಲಿ ಟೆಕ್ಸಸ್ ಬಿಟ್ಟರೆ ಹಾಗಲ್ಲ. ಹೊರಡುವ ದಿನ ಫ್ಯಾನ್ ಬೇಕು, ತಲುಪುವ ದಿನ ಹೀಟರ್ ಬೇಕು. ನಡುವೆ ಅಡ್ಡಗಾಳಿ, ಆಲಿಕಲ್ಲು, ಹುಲ್ಲು ಸುಟ್ಟ ಹೊಗೆ, ಟೋರ್ನಾಡೊ ಎಚ್ಚರಿಕೆ, ಕೊನೆಗೆ ಹಿಮ.

ನಾನು, ನಮ್ಮೆಜಮಾನರು ಇಬ್ಬರೂ ರಿಟೈರ್ ಆದ ಮೇಲೆ ಚಳಿಗಾಲವನ್ನು ಟೆಕ್ಸಸ್‌ನ ತುತ್ತತುದಿಯಲ್ಲಿರುವ ರಿಯೋ ಗ್ರಾಂಡೆ ವ್ಯಾಲಿಯಲ್ಲಿ, ಮಿಷನ್ ಅನ್ನುವ ಊರಲ್ಲಿ ಕಳೆಯುತ್ತೇವೆ. ನಮ್ಮಂಥವರಿಗೆ ಅಲ್ಲಿಯವರು ಪ್ರೀತಿಯಿಂದ ‘ವಿಂಟರ್ ಟೆಕ್ಸನ್’ ಅನ್ನುತ್ತಾರೆ. ಆರ್‌ವಿ ಅಂದರೆ ಒಳಗೇ ವಾಸ ಮಾಡಬಹುದಾದ ಗಾಡಿ. ನಮ್ಮದು 28 ಅಡಿಯ ಕ್ಲಾಸ್ ಸಿ ಮೋಟರ್‌ಹೋಮ್, ಅಂದರೆ ಟ್ರಕ್ಕಿನ ಮೂತಿ, ಹಿಂದೆ ಪುಟ್ಟ ಮನೆ. ಮನೆ ಇರುವುದು ಮಿನಿಯಾಪೊಲಿಸ್ ಪಕ್ಕದಲ್ಲಿ. ದೂರ ಸುಮಾರು 1,500 ಮೈಲಿ, ಅಂದರೆ 2,400 ಕಿಲೋಮೀಟರ್. ದಾರಿ ಸರಳ: ಯುಎಸ್ 281 ಹೆದ್ದಾರಿ ಹಿಡಿದು ಸ್ಯಾನ್ ಆಂಟೋನಿಯೊ, ಅಲ್ಲಿಂದ ಐ-35 ಹೆದ್ದಾರಿ ಹಿಡಿದರೆ ಮನೆಯ ತನಕ.

ಈಚೆಗೆ ನಮ್ಮ ಕನ್ನಡದವರಲ್ಲೂ ರಿಟೈರ್ ಆಗಿ ಆರ್‌ವಿ ಕೊಂಡವರು ಕಾಣಸಿಗುತ್ತಾರೆ. ಹೋಗುವ ಬಗ್ಗೆ ಎಲ್ಲರೂ ಕೇಳುತ್ತಾರೆ. ವಾಪಸ್ ಬರುವ ಬಗ್ಗೆ ಕೇಳುವವರು ಕಡಿಮೆ. ಅದಕ್ಕೇ ಇದನ್ನು ವಿವರವಾಗಿ ಬರೆಯುತ್ತಿದ್ದೇನೆ. ನೀವು ಅರಿಜೋನದಿಂದಲೋ ಫ್ಲೋರಿಡದಿಂದಲೋ ಹೊರಡುವವರಾದರೆ ಊರಿನ ಹೆಸರು ಬೇರೆ, ಕೆಲಸ ಇದೇ.

ಹಂತ 1: ತಾರೀಖನ್ನು ಹವಾಮಾನ ಹೇಳಲಿ

ಎಲ್ಲಕ್ಕಿಂತ ದೊಡ್ಡ ತಪ್ಪು ಬೇಗ ಹೊರಡುವುದು. ಫೆಬ್ರವರಿ ಮುಗಿಯುವಾಗ ಮಿಷನ್‌ನಲ್ಲಿ ಸೆಖೆ ಶುರು, ಆರ್‌ವಿಗಳನ್ನು ನಿಲ್ಲಿಸಿಕೊಂಡು ಇರುವ ಪಾರ್ಕಿನಲ್ಲಿ ಅಕ್ಕಪಕ್ಕದವರು ಒಬ್ಬೊಬ್ಬರಾಗಿ ಖಾಲಿ ಮಾಡುತ್ತಾರೆ. ನಮಗೂ ಮನೆ ನೆನಪು. ಅದರ ಮೇಲೆ ಯುಗಾದಿ. ಕೆಲವು ವರ್ಷ ಅದು ಮಾರ್ಚ್ ಮೂರನೇ ವಾರದಲ್ಲೇ ಬಂದುಬಿಡುತ್ತದೆ. ಕನ್ನಡ ಸಂಘದ ಹಬ್ಬಕ್ಕೆ ಊರಲ್ಲಿರಬೇಕು ಅಂತ ಆಸೆ ಆಗದೆ ಇರುತ್ತದಾ?

ನಾವೂ ಒಂದು ವರ್ಷ ಯುಗಾದಿಗೆ ಅಂತ ಮಾರ್ಚ್ ಮಧ್ಯದಲ್ಲೇ ಹೊರಟೆವು. ಆರು ದಿನ ಏನೂ ತೊಂದರೆ ಇರಲಿಲ್ಲ. ಅಯೋವದ ದಕ್ಷಿಣದಲ್ಲಿ ಒಂದು ರಾತ್ರಿ ತಂಗಿದಾಗ ಮೈನಸ್ 9 ಡಿಗ್ರಿಗೆ ಇಳಿಯಿತು. ಬೆಳಿಗ್ಗೆ ನಲ್ಲಿ ತಿರುಗಿಸಿದರೆ ನೀರಿಲ್ಲ. ಹೆಪ್ಪುಗಟ್ಟಿದೆ, ಕರಗಿದರೆ ಸರಿಹೋಗುತ್ತದೆ ಅಂದುಕೊಂಡು ಹೊರಟೆವು. ಮರುದಿನ ಮನೆ ಮುಂದೆ ಗಾಡಿ ನಿಲ್ಲಿಸಿ, ಮಧ್ಯಾಹ್ನದ ಬಿಸಿಲಿಗೆ ಒಳಗೆ ಬೆಚ್ಚಗಾದಾಗ ಸಿಂಕ್ ಕೆಳಗಿಂದ ತೊಟ್ ತೊಟ್ ಅಂತ ಶಬ್ದ. ಬಾಗಿಲು ತೆಗೆದು ಟಾರ್ಚ್ ಬಿಟ್ಟೆ. ಬಿಳಿ ಪ್ಲಾಸ್ಟಿಕ್ ಜಾಯಿಂಟ್ ಮೇಲೆ ಕೂದಲೆಳೆಯಷ್ಟು ಸೀಳು, ಅದರ ತುದಿಯಲ್ಲಿ ಒಂದು ಹನಿ ದಪ್ಪವಾಗುತ್ತಾ ಬೀಳುತ್ತಿತ್ತು. ಅಕ್ಕಿ ಡಬ್ಬದ ಕೆಳಗಿನ ಹಲಗೆ ನೀರು ಕುಡಿದು ಉಬ್ಬಿಹೋಗಿತ್ತು. ಪೈಪ್ ಒಡೆಯುವುದು ಹೆಪ್ಪುಗಟ್ಟಿದಾಗ, ಆದರೆ ಅದು ನಮಗೆ ಗೊತ್ತಾಗುವುದು ಕರಗಿದಾಗ. ಈ ಮಾತು ನೆನಪಿಟ್ಟುಕೊಳ್ಳಿ.

ಮಿನಿಯಾಪೊಲಿಸ್‌ನಲ್ಲಿ ಮಾರ್ಚ್ ಕೊನೆಯಲ್ಲಿ ಹಗಲು 8 ಡಿಗ್ರಿ ಇದ್ದರೂ ರಾತ್ರಿ ಸೊನ್ನೆಯ ಕೆಳಗೇ ಇರುತ್ತದೆ. ಏಪ್ರಿಲ್ ಬಂದರೂ ನಂಬುವ ಹಾಗಿಲ್ಲ. 2018ರ ಏಪ್ರಿಲ್ 13ರಿಂದ 15ರ ತನಕ ಬಂದ ಹಿಮಗಾಳಿ ಅವಳಿ ನಗರಗಳಾದ ಮಿನಿಯಾಪೊಲಿಸ್, ಸೇಂಟ್ ಪಾಲ್ ಮೇಲೆ ಒಂದು ಅಡಿಗೂ ಜಾಸ್ತಿ ಹಿಮ ಸುರಿಯಿತು. ಅಲ್ಲೇ ಹತ್ತಿರದ ಮಿನೆಟೊಂಕ ಕೆರೆಯ ಮಂಜುಗಡ್ಡೆ ಸಾಮಾನ್ಯವಾಗಿ ಏಪ್ರಿಲ್ ಮಧ್ಯದ ಹೊತ್ತಿಗೆ ಕರಗುತ್ತದೆ. ಆ ವರ್ಷ ಮೇ 5ರ ತನಕ ಕಾಯಬೇಕಾಯಿತು.

ನಾವು ಈಗ ಮಾಡುವುದು ಇಷ್ಟು: ಏಪ್ರಿಲ್ ಮೊದಲ ವಾರದ ನಂತರವೇ ಹೊರಡುತ್ತೇವೆ. ಪಾರ್ಕಿನಲ್ಲಿ ಜಾಗ ಬುಕ್ ಮಾಡುವಾಗಲೇ ಏಪ್ರಿಲ್ 15ರ ತನಕ ಬಾಡಿಗೆ ಕಟ್ಟಿಬಿಡುತ್ತೇವೆ, ಆಗ ಖಾಲಿ ಮಾಡುವ ಒತ್ತಡ ಇರುವುದಿಲ್ಲ. ದಾರಿಗೆ ಎಂಟು ದಿನ ಸಾಕು, ನಾವು ಹನ್ನೊಂದು ದಿನ ಇಟ್ಟುಕೊಳ್ಳುತ್ತೇವೆ. ಉಳಿದ ಮೂರು ದಿನ ಎಲ್ಲಿ ಬೇಕಾದರೂ ನಿಲ್ಲುವುದಕ್ಕೆ. ತಲುಪುವ ಮರುದಿನವೇ ಡಾಕ್ಟರ್ ಅಪಾಯಿಂಟ್‌ಮೆಂಟ್, ಮೊಮ್ಮಗುವಿನ ಹುಟ್ಟುಹಬ್ಬ ಅಂತೆಲ್ಲ ಇಟ್ಟುಕೊಳ್ಳಬೇಡಿ. ಗಾಳಿ ಬೀಸುತ್ತಿದ್ದರೂ ಹೊರಡುವ ಹಾಗೆ ಮಾಡುವುದು ಇಂಥ ತಾರೀಖುಗಳೇ. ಯುಗಾದಿ ಬಂದರೆ ಇದ್ದಲ್ಲೇ ಬೇವು ಬೆಲ್ಲ ತಿನ್ನಿ.

ಹಂತ 2: ಐದು ತಿಂಗಳು ನಿಂತ ಗಾಡಿಯನ್ನು ಎಬ್ಬಿಸುವುದು

ಇದಕ್ಕೆ ಎರಡು ವಾರ ಮೊದಲೇ ಕೈ ಹಾಕಿ. ಏನಾದರೂ ರಿಪೇರಿ ಬಂದರೆ, ಎಲ್ಲರೂ ಹೊರಡುವ ಆ ಸಮಯದಲ್ಲಿ ಮೆಕ್ಯಾನಿಕ್ ಸಿಗುವುದು ಕಷ್ಟ.

ಮೊದಲು ಟೈರು. ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ಆರ್‌ವಿ ಟೈರು ಓಡಿ ಸವೆಯುವುದಕ್ಕಿಂತ ನಿಂತು ಹಾಳಾಗುವುದೇ ಜಾಸ್ತಿ. ಮೇಲಿನ ಗೀರುಗಳು ಹೊಸದರ ಹಾಗೆ ಕಾಣುತ್ತವೆ, ಆದರೆ ರಬ್ಬರ್ ಒಳಗೇ ಒಣಗಿರುತ್ತದೆ. ಟೈರಿನ ಬದಿಯಲ್ಲಿ ‘ಡಾಟ್’ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯಲ್ಲಿ ನಾಲ್ಕು ಅಂಕೆ ಇರುತ್ತವೆ. ಮೊದಲೆರಡು ವಾರ, ಕೊನೆಯೆರಡು ವರ್ಷ. 0918 ಅಂತ ಇದ್ದರೆ 2018ರ ಒಂಬತ್ತನೇ ವಾರದಲ್ಲಿ ತಯಾರಾದ ಟೈರು. ಐದು ವರ್ಷ ದಾಟಿದರೆ ಪ್ರತಿ ವರ್ಷ ತೋರಿಸಿ, ಏಳು ದಾಟಿದರೆ ಮಾತಿಲ್ಲದೆ ಬದಲಾಯಿಸಿ ಅನ್ನುವುದು ನನ್ನ ಅಭಿಪ್ರಾಯ. ನಮ್ಮ ಗಾಡಿಯ ಎಡಭಾಗ ಇಡೀ ಚಳಿಗಾಲ ಬಿಸಿಲಿಗೆ ಮುಖಮಾಡಿ ನಿಂತಿರುತ್ತಿತ್ತು. ಒಮ್ಮೆ ಮಂಡಿಯೂರಿ ನೋಡಿದರೆ ಆ ಬದಿಯ ಟೈರಿನ ಮೈಯಲ್ಲಿ ಬೇಸಿಗೆಯ ಕೆರೆಯಂಗಳದಂಥ ಬಿರುಕು, ಬಲಬದಿಯದು ನುಣ್ಣಗಿತ್ತು. ಎರಡೂ ಒಂದೇ ದಿನ ಹಾಕಿಸಿದವು. ಅವತ್ತಿಂದ ಟೈರಿಗೆ ಬಿಳಿ ಬಟ್ಟೆಯ ಹೊದಿಕೆ ಹಾಕುತ್ತೇವೆ.

ಗಾಳಿಯ ಒತ್ತಡದ ವಿಷಯದಲ್ಲಿ ವಾಪಸ್ ದಾರಿಗೆ ಮಾತ್ರ ಇರುವ ಒಂದು ತೊಡಕಿದೆ. ಮಿಷನ್‌ನಲ್ಲಿ 28 ಡಿಗ್ರಿ ಇರುವಾಗ 80 ಪಿಎಸ್‌ಐ ತುಂಬಿಸಿದ ಟೈರು ಸೊನ್ನೆ ಡಿಗ್ರಿಯ ಬೆಳಿಗ್ಗೆ 71, 72ಕ್ಕೆ ಇಳಿದಿರುತ್ತದೆ. ಸೋರಿಕೆ ಏನೂ ಇಲ್ಲ, ತಣ್ಣಗಾದ ಗಾಳಿ ಕುಗ್ಗುತ್ತದೆ ಅಷ್ಟೇ. ಕಡಿಮೆ ಗಾಳಿಯಲ್ಲಿ ಓಡಿದ ಟೈರು ಬಿಸಿಯಾಗಿ ಸಿಡಿಯುತ್ತದೆ. ಹಾಗಾಗಿ ಹೊರಡುವ ದಿನ ಒಮ್ಮೆ ನೋಡಿದರೆ ಸಾಲದು. ಪ್ರತಿದಿನ ಬೆಳಿಗ್ಗೆ, ಗಾಡಿ ಕದಲಿಸುವ ಮೊದಲು ನೋಡಿ. 12 ವೋಲ್ಟಿನ ಸಣ್ಣ ಕಂಪ್ರೆಸರ್ ಒಂದು ಜೊತೆಗಿರಲಿ. ಕೊಳ್ಳುವಾಗ ನಿಮ್ಮ ಟೈರಿಗೆ ಬೇಕಾದ ಒತ್ತಡ ಅದಕ್ಕೆ ಸಾಧ್ಯವಾ ಅಂತ ಕೇಳಿ. ಕಾರಿನ ಅಗ್ಗದ ಕಂಪ್ರೆಸರುಗಳು 80ಕ್ಕೆ ಏರಲಾರವು.

ಆಮೇಲೆ ಚಾವಣಿ. ಏಣಿ ಹತ್ತಿ, ವೆಂಟುಗಳ ಸುತ್ತ ಹಾಕಿದ ಸೀಲಂಟ್ ಬಿಸಿಲಿಗೆ ಬಿರಿದಿದೆಯಾ ನೋಡಿ. ದಾರಿಯಲ್ಲಿ ಮಳೆ ಖಂಡಿತ. ವಯಸ್ಸಾದವರು ಏಣಿ ಹತ್ತಬೇಡಿ, ಪಾರ್ಕಿನಲ್ಲಿ ಯಾರಾದರೂ ಒಬ್ಬರು ಸಹಾಯಕ್ಕೆ ಸಿಗುತ್ತಾರೆ. ಫ್ರಿಜ್ಜಿನ ಹೊರಗಿನ ಕಿಂಡಿ, ಹೀಟರಿನ ಕೊಳವೆ ಎರಡನ್ನೂ ಟಾರ್ಚ್ ಹಾಕಿ ನೋಡಿ. ಮಣ್ಣಿನ ಗೂಡು ಕಟ್ಟುವ ಕಣಜಗಳಿಗೆ ಈ ಜಾಗ ಬಹಳ ಇಷ್ಟ. ಐದು ತಿಂಗಳು ಹೀಟರ್ ಹಚ್ಚಿರುವುದಿಲ್ಲ, ಕಾನ್ಸಸ್‌ನ ಚಳಿ ರಾತ್ರಿಯಲ್ಲಿ ಅದು ಹೊತ್ತಿಕೊಳ್ಳದಿದ್ದರೆ ಕಷ್ಟ. ಮಿಷನ್‌ನಲ್ಲೇ ಒಂದು ಬೆಳಿಗ್ಗೆ ಹತ್ತು ನಿಮಿಷ ಹಚ್ಚಿ ನೋಡಿ. ಕಾರ್ಬನ್ ಮೊನಾಕ್ಸೈಡ್ ಅಲಾರಂ, ಗ್ಯಾಸ್ ಅಲಾರಂ ಎರಡರ ಹಿಂಬದಿಯ ತಾರೀಖನ್ನೂ ಓದಿ. ಅವಕ್ಕೂ ಆಯಸ್ಸು ಇದೆ.

ಎಂಜಿನ್ ಆಯಿಲ್, ಕೂಲಂಟ್, ಬ್ರೇಕು, ವೈಪರ್ ಇವೆಲ್ಲ ಮಾಮೂಲು. ಒಂದು ಮಾತ್ರ ಮರೆಯಬೇಡಿ: ವೈಪರ್ ಟ್ಯಾಂಕಿನಲ್ಲಿ ಬೇಸಿಗೆಯ ನೀಲಿ ನೀರು ಇದ್ದರೆ ಖಾಲಿ ಮಾಡಿ ಚಳಿಗಾಲದ್ದು ಹಾಕಿ. ನಂತರ ಗಾಡಿಯನ್ನು ಹೊರಗೆ ತೆಗೆದು ಹತ್ತು ಹನ್ನೆರಡು ಮೈಲಿ ಓಡಿಸಿ ಬನ್ನಿ.

ಹಂತ 3: ತೂಕ ಇಳಿಸುವುದು

ಚಳಿಗಾಲದಲ್ಲಿ ಸಾಮಾನು ಹೇಗೋ ಬೆಳೆಯುತ್ತದೆ. ಸಂತೆಯಲ್ಲಿ ಕೊಂಡ ಮಣ್ಣಿನ ಕುಂಡ, ಎರಡು ಮಡಚುವ ಕುರ್ಚಿ, ಪುಸ್ತಕ, ಬೆಂಚು. ಡ್ರೈವರ್ ಬಾಗಿಲ ಹತ್ತಿರದ ಸ್ಟಿಕರ್‌ನಲ್ಲಿ ಗಾಡಿ ಒಟ್ಟು ಎಷ್ಟು ತೂಗಬಹುದು ಅಂತ ಬರೆದಿರುತ್ತದೆ. ಟ್ರಕ್ ಸ್ಟಾಪ್‌ಗಳಲ್ಲಿ ತೂಕದ ಕಟ್ಟೆ ಇದೆ, ಸ್ವಲ್ಪ ದುಡ್ಡು ಕೊಟ್ಟರೆ ಚೀಟಿ ಕೊಡುತ್ತಾರೆ. ಒಮ್ಮೆ ತೂಗಿಸಿ. ನೀರು ಒಂದು ಗ್ಯಾಲನ್ನಿಗೆ 3.8 ಕಿಲೋ. 40 ಗ್ಯಾಲನ್ ತುಂಬಿಕೊಂಡು ಹೊರಟರೆ ಸುಮ್ನೆ 150 ಕಿಲೋ ಹೊತ್ತಂತೆ. ಕಾಲು ಟ್ಯಾಂಕ್ ಸಾಕು.

ಹಂತ 4: ಗಿಡ, ಹಣ್ಣು, ಸೌದೆ

ನಮ್ಮವರಿಗೆ ಇದು ಮುಖ್ಯ, ಯಾಕೆಂದರೆ ಕರಿಬೇವು ಇದರಲ್ಲಿ ಬರುತ್ತದೆ.

ರಿಯೋ ಗ್ರಾಂಡೆ ವ್ಯಾಲಿ ಕೆಂಪು ಗ್ರೇಪ್‌ಫ್ರೂಟಿನ, ಅಂದರೆ ಚಕ್ಕೋತದಂಥ ಹಣ್ಣಿನ ಸೀಮೆ. ಕಿತ್ತಳೆ, ನಿಂಬೆ ಜಾತಿಯ ಗಿಡಗಳನ್ನು ಕೊಲ್ಲುವ ‘ಸಿಟ್ರಸ್ ಗ್ರೀನಿಂಗ್’ ರೋಗ ಟೆಕ್ಸಸ್‌ನಲ್ಲಿ ಮೊದಲು ಸಿಕ್ಕಿದ್ದು 2012ರ ಜನವರಿಯಲ್ಲಿ, ಮಿಷನ್ ಇರುವ ಹಿಡಾಲ್ಗೊ ಕೌಂಟಿಯಲ್ಲೇ (ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ), ಸ್ಯಾನ್ ವಾನ್ ಅನ್ನುವ ಊರಲ್ಲಿ. ರೋಗ ಹರಡುವುದು ಎಳ್ಳುಕಾಳಿನಷ್ಟು ಪುಟ್ಟ ಕೀಟ. ಕರಿಬೇವು ನಿಂಬೆಯದೇ ಕುಟುಂಬ, ಆ ಕೀಟಕ್ಕೆ ಕರಿಬೇವಿನ ಚಿಗುರು ಅಂದರೆ ಪ್ರಾಣ. ಅದಕ್ಕೇ ಅಲ್ಲಿಂದ ಕರಿಬೇವಿನ ಗಿಡವನ್ನಾಗಲಿ ಹಸಿ ಸೊಪ್ಪನ್ನಾಗಲಿ ಬೇರೆ ರಾಜ್ಯಕ್ಕೆ ಒಯ್ಯುವ ಹಾಗಿಲ್ಲ. ನಿಂಬೆ, ಕಿತ್ತಳೆ ಸಸಿಗೂ ಇದೇ ನಿಯಮ.

ನಾನು ಪಾರ್ಕಿನ ನಮ್ಮ ಜಾಗದಲ್ಲಿ ಒಂದು ಕುಂಡದಲ್ಲಿ ಕರಿಬೇವು ಬೆಳೆಸಿದ್ದೆ. ಮಾರ್ಚ್ ಹೊತ್ತಿಗೆ ಮೊಣಕಾಲೆತ್ತರ ಬಂದು, ಒಗ್ಗರಣೆಗೆ ದಿನಾ ಒಂದೆಸಳು ಕೊಡುತ್ತಿತ್ತು. ಒಳಗೆ ಕಿಟಕಿ ಪಕ್ಕ ಇಟ್ಟುಕೊಂಡು ಬಂದರೆ ಯಾರಿಗೆ ಗೊತ್ತಾಗುತ್ತದೆ ಅಂತ ಮನಸ್ಸು ಹೇಳಿತು. ಆದರೆ ನಾವು ತಂಗಿದ ಪಾರ್ಕಿನ ಬೇಲಿಯ ಆಚೆಗೇ ಒಬ್ಬರ ಗ್ರೇಪ್‌ಫ್ರೂಟ್ ತೋಟ. ವರ್ಷ ವರ್ಷ ಅವರ ಮರಗಳು ಒಣಗುವುದನ್ನು ಕಣ್ಣಾರೆ ನೋಡಿದ್ದೇನೆ. ಗಿಡವನ್ನು ಅಲ್ಲೇ ಇಡೀ ವರ್ಷ ಇರುವ ನೆರೆಮನೆಯವರಿಗೆ ಕೊಟ್ಟೆ. ಸೊಪ್ಪನ್ನೆಲ್ಲ ಬಿಡಿಸಿ, ಗರಿಗರಿಯಾಗಿ ಹುರಿದು, ಉದ್ದಿನಬೇಳೆ, ಒಣಮೆಣಸಿನಕಾಯಿ, ಹುಣಸೆಹಣ್ಣು ಹಾಕಿ ಚಟ್ನಿಪುಡಿ ಮಾಡಿದೆ. ನೀವೂ ಹಾಗೇ ಮಾಡಿ. ಹಿತ್ತಲಲ್ಲಿ ಕಿತ್ತ ಹಣ್ಣು ಬೇಡ, ಅಲ್ಲಿ ಹಣ್ಣುನೊಣದ ನಿರ್ಬಂಧವೂ ಇದೆ. ಅಂಗಡಿಯಲ್ಲಿ ಪ್ಯಾಕ್ ಆಗಿ ಬಂದ ಹಣ್ಣನ್ನೇ ಕೊಂಡು, ಬಿಲ್ ಇಟ್ಟುಕೊಳ್ಳಿ.

ಉಳಿದ ಸೌದೆಯನ್ನೂ ತರಬೇಡಿ. ಆಶ್ ಮರಗಳನ್ನು ಕೊರೆಯುವ ಹಸಿರು ದುಂಬಿ ಊರಿಂದ ಊರಿಗೆ ಹೋಗುವುದು ಸೌದೆಯ ಮೂಲಕವೇ. ಮಿನೆಸೋಟದಲ್ಲಿ ಅದು 2009ರಲ್ಲಿ ಸೇಂಟ್ ಪಾಲ್‌ನಲ್ಲಿ ಕಾಣಿಸಿಕೊಂಡಿತು. ಸೌದೆ ತಂಗಿದಲ್ಲೇ ಕೊಂಡು ಅಲ್ಲೇ ಸುಡಿ.

ಹಂತ 5: ಕಾಗದ ಪತ್ರ

ಪೋಸ್ಟ್ ಆಫೀಸಿಗೆ ಕೊಟ್ಟ ತಾತ್ಕಾಲಿಕ ವಿಳಾಸ ಬದಲಾವಣೆಯ ಕೊನೆಯ ತಾರೀಖನ್ನು ನೀವು ಹೊರಡುವ ಹತ್ತು ದಿನ ಮೊದಲಿಗೆ ಹಿಂದಕ್ಕೆ ತನ್ನಿ. ಇಲ್ಲವಾದರೆ ಕಾಗದಗಳು ನಿಮ್ಮ ಬೆನ್ನ ಹಿಂದೆಯೇ ಟೆಕ್ಸಸ್‌ಗೆ ಹೋಗುತ್ತವೆ. ಔಷಧಿ ಎರಡು ವಾರ ಜಾಸ್ತಿಯೇ ಇರಲಿ, ಕೈಗೆಟಕುವ ಜಾಗದಲ್ಲಿ.

ಮಿಷನ್‌ನಿಂದ ಉತ್ತರಕ್ಕೆ ಹೊರಟರೆ ಯುಎಸ್ 281ರಲ್ಲಿ ಫಾಲ್ಫುರಿಯಾಸ್ ಹತ್ತಿರ ಬಾರ್ಡರ್ ಪಟ್ರೋಲ್ ಚೆಕ್‌ಪಾಯಿಂಟ್ ಇದೆ. ದೇಶ ದಾಟದಿದ್ದರೂ ಎಲ್ಲ ಗಾಡಿಗಳೂ ಅಲ್ಲಿ ನಿಲ್ಲಬೇಕು. ಗ್ರೀನ್ ಕಾರ್ಡ್ ಇರುವವರು ಅದನ್ನು ಸದಾ ಜೊತೆಗಿಟ್ಟುಕೊಳ್ಳಬೇಕು ಅನ್ನುವುದು ಕಾನೂನು. ಊರಿಂದ ಬಂದ ಅಪ್ಪ ಅಮ್ಮ ಜೊತೆಗಿದ್ದರೆ ಅವರ ಪಾಸ್‌ಪೋರ್ಟ್, ವೀಸಾ, ದೇಶದೊಳಗೆ ಬಂದ ದಾಖಲೆಯಾದ ಐ-94 ಚೀಟಿಯ ಪ್ರತಿ ಪೆಟ್ಟಿಗೆಯೊಳಗಲ್ಲ, ಕೈಯಲ್ಲೇ ಇರಲಿ. ಹಿರಿಯರಿಗೆ ಮೊದಲೇ ಹೇಳಿಡಿ, ಸಮವಸ್ತ್ರ ನೋಡಿ ಗಾಬರಿಯಾಗುತ್ತಾರೆ.

ನಿಮಗೆ 62 ತುಂಬಿದ್ದು, ಸಿಟಿಜನ್ ಅಥವಾ ಗ್ರೀನ್ ಕಾರ್ಡ್ ಆಗಿದ್ದರೆ ರಾಷ್ಟ್ರೀಯ ಉದ್ಯಾನಗಳ ಸೀನಿಯರ್ ಪಾಸ್ ತೆಗೆದುಕೊಳ್ಳಿ. ಜೀವನಪೂರ್ತಿಯದು 80 ಡಾಲರ್. ಫೆಡರಲ್ ಸರ್ಕಾರದ ಬಹಳಷ್ಟು ಕ್ಯಾಂಪ್‌ಗ್ರೌಂಡ್‌ಗಳಲ್ಲಿ, ಅಂದರೆ ಆರ್‌ವಿ ನಿಲ್ಲಿಸಿ ತಂಗುವ ಜಾಗಗಳಲ್ಲಿ, ಅರ್ಧ ಬಾಡಿಗೆ. ಈ ದಾರಿಯಲ್ಲಿ ಅಂಥವು ಬೇಕಾದಷ್ಟಿವೆ.

ಟೋಲ್ ಟ್ಯಾಗ್ ಒಂದು ತೆಗೆದುಕೊಳ್ಳಿ. ಟೆಕ್ಸಸ್‌ನ ಟ್ಯಾಗ್ ಒಕ್ಲಹೋಮ, ಕಾನ್ಸಸ್‌ನಲ್ಲೂ ನಡೆಯುತ್ತದೆ. ಕಾನ್ಸಸ್ ಟರ್ನ್‌ಪೈಕ್ ಅನ್ನುವ ಟೋಲ್ ರಸ್ತೆಯಲ್ಲಿ 2024ರ ಜುಲೈಯಿಂದ ನಗದು ತೆಗೆದುಕೊಳ್ಳುವುದನ್ನೇ ನಿಲ್ಲಿಸಿದ್ದಾರೆ. ಟ್ಯಾಗ್ ಇಲ್ಲದಿದ್ದರೆ ನಂಬರ್ ಪ್ಲೇಟ್ ನೋಡಿ ಮನೆಗೆ ಬಿಲ್ ಕಳಿಸುತ್ತಾರೆ.

ಹಂತ 6: ದಿನದ ಲೆಕ್ಕ

ದಿನಕ್ಕೆ 250, 275 ಮೈಲಿಗಿಂತ ಜಾಸ್ತಿ ಬೇಡ. ಮಧ್ಯಾಹ್ನ ಮೂರಕ್ಕೆ ಗಾಡಿ ನಿಂತಿರಬೇಕು. ನಾವು ಬೆಳಿಗ್ಗೆ ಆರೂವರೆಗೆ ಹೊರಡುತ್ತೇವೆ. ಬಯಲುಸೀಮೆಯಲ್ಲಿ ಗಾಳಿ ಬೆಳಿಗ್ಗೆ ಕಡಿಮೆ, ಹೊತ್ತೇರಿದಂತೆ ಜೋರು. ಬಿರುಗಾಳಿ ಮಳೆಯೂ ಹೆಚ್ಚಾಗಿ ಸಂಜೆಗೇ ಏಳುತ್ತದೆ.

ಮೊದಲ ದಿನ ಸ್ಯಾನ್ ಆಂಟೋನಿಯೊ, 240 ಮೈಲಿ. ಈ ದಾರಿ ಏಪ್ರಿಲ್‌ನಲ್ಲಿ ಕಣ್ಣಿಗೆ ಹಬ್ಬ, ರಸ್ತೆಯ ಅಂಚಿನಲ್ಲಿ ಕಾಡುಹೂವು ಹಾಸಿಕೊಂಡಿರುತ್ತದೆ.

ಎರಡನೇ ದಿನ ಆಸ್ಟಿನ್ ದಾಟಬೇಕು. ಊರೊಳಗಿನ ಐ-35ಕ್ಕೆ ಆರ್‌ವಿ ತೆಗೆದುಕೊಂಡು ಹೋಗಬೇಡಿ, ಆ ಇಕ್ಕಟ್ಟು ಯಾರಿಗೂ ಬೇಡ. ಐ-10 ಹಿಡಿದು ಸೆಗೀನ್‌ಗೆ ಹೋಗಿ, ಅಲ್ಲಿಂದ 130 ನಂಬರಿನ ಟೋಲ್ ರಸ್ತೆ ಹಿಡಿದರೆ ಆಸ್ಟಿನ್ನನ್ನು ಪಕ್ಕಕ್ಕಿಟ್ಟು ಜಾರ್ಜ್‌ಟೌನ್‌ನಲ್ಲಿ ಮತ್ತೆ ಐ-35 ಸೇರಬಹುದು. ಇದರ ದಕ್ಷಿಣದ ಭಾಗದಲ್ಲಿ ವೇಗದ ಮಿತಿ ಗಂಟೆಗೆ 85 ಮೈಲಿ, ಇಡೀ ದೇಶದಲ್ಲೇ ಜಾಸ್ತಿ. ಅದು ನಿಮಗಲ್ಲ. ಬಲಗಡೆ ಲೇನಿನಲ್ಲಿ 62ಕ್ಕೆ ಆರಾಮಾಗಿ ಹೋಗಿ. ರಾತ್ರಿಗೆ ಬೆಲ್ಟನ್ ಕೆರೆಯ ದಂಡೆ ಚೆನ್ನಾಗಿದೆ.

ಮೂರನೇ ದಿನ ಹಿಲ್ಸ್‌ಬರೊದಲ್ಲಿ ರಸ್ತೆ ಎರಡಾಗುತ್ತದೆ. 35ಇ ಡಲ್ಲಾಸ್ ಕಡೆ, 35ಡಬ್ಲ್ಯು ಫೋರ್ಟ್ ವರ್ತ್ ಕಡೆ, ಡೆಂಟನ್‌ನಲ್ಲಿ ಮತ್ತೆ ಒಂದಾಗುತ್ತವೆ. ಭಾನುವಾರ ಬೆಳಿಗ್ಗೆಗೆ ಹೊಂದಿಸಿಕೊಂಡು ಫೋರ್ಟ್ ವರ್ತ್ ಕಡೆಯಿಂದ ಹೋಗುವುದು ನಮ್ಮ ರೂಢಿ. ರೆಡ್ ರಿವರ್ ದಾಟಿದರೆ ಒಕ್ಲಹೋಮ. ಸಲ್ಫರ್ ಊರಿನ ಚಿಕಸಾ ನ್ಯಾಷನಲ್ ರಿಕ್ರಿಯೇಷನ್ ಏರಿಯಾದಲ್ಲಿ ಎರಡು ರಾತ್ರಿ ತಂಗಿ. ತಣ್ಣಗಿನ ಊಟೆ ನೀರು ಹರಿಯುತ್ತದೆ, ಗುಲಾಬಿ ಬಣ್ಣದ ರೆಡ್‌ಬಡ್ ಹೂಬಿಟ್ಟಿರಬಹುದು. ಮುಂದಿನ ನಾಲ್ಕು ದಿನದ ಹವಾಮಾನ ನೋಡಿ ತೀರ್ಮಾನ ಮಾಡಬೇಕಾದ್ದು ಇಲ್ಲೇ. ಉತ್ತರದಲ್ಲಿ ಹಿಮ ಅಂತ ಬಂದರೆ ಇನ್ನೆರಡು ದಿನ ಇಲ್ಲೇ ಇರಿ.

ಆಮೇಲೆ ಕಾನ್ಸಸ್‌ನ ಎಲ್ ಡೊರಾಡೊ ಸ್ಟೇಟ್ ಪಾರ್ಕ್, ಮರುದಿನ ಕಾನ್ಸಸ್ ಸಿಟಿ ದಾಟಿ ಮಿಸ್ಸೂರಿಯ ಕ್ಯಾಮರಾನ್, ಅದರ ಮರುದಿನ ಅಯೋವದ ಕ್ಲಿಯರ್ ಲೇಕ್. ಕೊನೆಯ ದಿನಕ್ಕೆ 135 ಮೈಲಿ ಮಾತ್ರ ಉಳಿಸಿಕೊಂಡಿದ್ದೇವೆ. ಬೇಕೆಂದೇ ಹಾಗೆ. ಮನೆಗೆ ಮಧ್ಯಾಹ್ನ, ಬೆಳಕಿರುವಾಗ, ಸುಸ್ತಾಗದೆ ತಲುಪಬೇಕು.

ಹಂತ 7: ಗಾಳಿ, ಹೊಗೆ, ಟೋರ್ನಾಡೊ

ಗಾಳಿ ಗಂಟೆಗೆ 30 ಮೈಲಿ, ನಡುನಡುವೆ 40ರ ಹೊಡೆತ ಅಂತ ಮುನ್ಸೂಚನೆ ಇದ್ದರೆ ನಾವು ಹೊರಡುವುದಿಲ್ಲ. ಹನ್ನೊಂದು ಅಡಿ ಎತ್ತರದ ಗಾಡಿಯ ಪಕ್ಕ ಹಾಯಿ ಇದ್ದ ಹಾಗೆ. ಲಾರಿ ಪಕ್ಕದಲ್ಲಿ ಬಂದಾಗ ಗಾಳಿ ಒಂದು ಕ್ಷಣ ತಡೆಯುತ್ತದೆ, ಲಾರಿ ದಾಟಿದೊಡನೆ ಮತ್ತೆ ಬಂದು ಬಡಿಯುತ್ತದೆ. ಆ ಹೊಡೆತಕ್ಕೆ ಸ್ಟಿಯರಿಂಗ್ ಮೇಲೆ ಎರಡೂ ಕೈ ಇರಲಿ.

ವಿಚಿಟಾದಿಂದ ಎಂಪೋರಿಯ ತನಕ ಫ್ಲಿಂಟ್ ಹಿಲ್ಸ್ ಅನ್ನುವ ಹುಲ್ಲುಗಾವಲು. ಮಾರ್ಚ್ ಕೊನೆಯಿಂದ ಏಪ್ರಿಲ್ ಪೂರ್ತಿ ಅಲ್ಲಿಯ ದನಗಾಹಿಗಳು ಹೊಸ ಹುಲ್ಲಿಗಾಗಿ ಹಳೆಯದನ್ನು ಸುಡುತ್ತಾರೆ. ಬೆಂಕಿಯ ಗೆರೆ ಗುಡ್ಡದ ಮೇಲೆ ಹಾವಿನಂತೆ ಹರಿಯುವುದು ಕಾಣುತ್ತದೆ. ಹೊಗೆ ರಸ್ತೆಗೆ ಅಡ್ಡ ಬಂದರೆ ದೀಪ ಹಾಕಿ, ವೇಗ ಇಳಿಸಿ, ಹೊರಗಿನ ಗಾಳಿ ಒಳಗೆ ಬರದ ಹಾಗೆ ಬಟನ್ ಒತ್ತಿ. ಆಸ್ತಮಾ ಇದ್ದವರು ಈ ಭಾಗವನ್ನು ಬೆಳಿಗ್ಗೆಯೇ ದಾಟಿ.

ಟೋರ್ನಾಡೊ ಬಗ್ಗೆ ಮನಸ್ಸಿಟ್ಟು ಓದಿ. ಏಪ್ರಿಲ್, ಮೇ ಒಕ್ಲಹೋಮ ಮತ್ತು ಕಾನ್ಸಸ್‌ನಲ್ಲಿ ಇದರ ಕಾಲ. 2013ರ ಮೇ 20ರಂದು ಒಕ್ಲಹೋಮದ ‘ಮೂರ್’ ಅನ್ನುವ ಊರಿಗೆ ಬಡಿದ ಟೋರ್ನಾಡೊದಲ್ಲಿ 24 ಜನ ಸತ್ತರು, ಅದು ನಾವು ಹೋಗುವ ಇದೇ ಐ-35ನ್ನು ಅಡ್ಡ ದಾಟಿತ್ತು. ಆರ್‌ವಿ ಆಶ್ರಯ ಅಲ್ಲ. ಎಷ್ಟೇ ದೊಡ್ಡದಾದರೂ ಅಲ್ಲ. ‘ವಾಚ್’ ಅಂದರೆ ಬರಬಹುದು ಅಂತ. ಆಗಲೇ ಹತ್ತಿರದ ಗಟ್ಟಿ ಕಟ್ಟಡ ಯಾವುದು ಅಂತ ಗುರುತಿಟ್ಟುಕೊಳ್ಳಿ. ‘ವಾರ್ನಿಂಗ್’ ಅಂದರೆ ಕಂಡಿದೆ, ಇಲ್ಲವೇ ರಾಡಾರ್‌ನಲ್ಲಿ ಬಂದಿದೆ ಅಂತ. ಆಗ ಗಾಡಿ ಬಿಟ್ಟು ಓಡಿ. ಕ್ಯಾಂಪ್‌ಗ್ರೌಂಡಿನ ಸಿಮೆಂಟ್ ಇಟ್ಟಿಗೆಯ ಬಚ್ಚಲುಮನೆ ಗಾಡಿಗಿಂತ ಸಾವಿರ ಪಾಲು ಮೇಲು. ಮೇಲ್ಸೇತುವೆಯ ಕೆಳಗೆ ಮಾತ್ರ ನಿಲ್ಲಬೇಡಿ, ಅಲ್ಲಿ ಗಾಳಿಯ ಹೊಡೆತ ಇನ್ನೂ ಜೋರು.

ಇಲ್ಲೊಂದು ಚಿಕ್ಕ ಉಪಾಯ. ರೇಡಿಯೊದಲ್ಲಿ ಎಚ್ಚರಿಕೆ ಕೊಡುವುದು ಹೆಚ್ಚಾಗಿ ಕೌಂಟಿಯ ಹೆಸರಲ್ಲಿ. ದಾರಿಹೋಕರಿಗೆ ತಾವು ಯಾವ ಕೌಂಟಿಯಲ್ಲಿದ್ದೇವೆ ಅಂತ ಗೊತ್ತಿರುವುದಿಲ್ಲ. ನಾನು ಪ್ರತಿ ರಾತ್ರಿ ತಂಗಿದ ಕೌಂಟಿ ಮತ್ತು ಅದರ ಪಶ್ಚಿಮಕ್ಕೂ ನೈರುತ್ಯಕ್ಕೂ ಇರುವ ಕೌಂಟಿಗಳ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸುತ್ತೇನೆ. ಬಿರುಗಾಳಿ ಹೆಚ್ಚಾಗಿ ಆ ಕಡೆಯಿಂದಲೇ ಬರುತ್ತದೆ.

ಹಂತ 8: ನೀರು ಬಿಟ್ಟು ಮುಂದೆ ಹೋಗುವುದು

ಒಡೆದ ಆ ಜಾಯಿಂಟ್ ನಮಗೆ ಕಲಿಸಿದ್ದು ಇದು. ಮುನ್ಸೂಚನೆ ಏನೇ ಇರಲಿ, ಎಲ್ ಡೊರಾಡೊದಲ್ಲೇ ಗಾಡಿಯ ನೀರನ್ನೆಲ್ಲ ಖಾಲಿ ಮಾಡುತ್ತೇವೆ. ಅಲ್ಲಿಂದ ಮೂರು ದಿನ ನಲ್ಲಿ ಇಲ್ಲದ ಪ್ರಯಾಣ. ಉತ್ತರದ ಬಹಳ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಏಪ್ರಿಲ್ ಕೊನೆಯ ತನಕ ನಲ್ಲಿಗೆ ನೀರು ಬಿಡುವುದೂ ಇಲ್ಲ.

ಹಿಂದಿನ ರಾತ್ರಿಯೇ ವಾಟರ್ ಹೀಟರ್ ಆರಿಸಿ. ಬಿಸಿ ಇರುವಾಗ ಅದರ ಬಿರಡೆ ತೆಗೆದರೆ ಮೈ ಸುಡುತ್ತದೆ. ಬೆಳಿಗ್ಗೆ ಕೊಳೆನೀರು ಬಿಡುವ ಡಂಪ್ ಸ್ಟೇಷನ್‌ನಲ್ಲಿ ಕೈಗವಸು ಹಾಕಿಕೊಂಡು ಮೊದಲು ಬ್ಲ್ಯಾಕ್ ಟ್ಯಾಂಕ್ (ಟಾಯ್ಲೆಟ್‌ನದು), ನಂತರ ಗ್ರೇ ಟ್ಯಾಂಕ್ (ಸಿಂಕ್, ಶವರಿನದು) ಖಾಲಿ ಮಾಡಿ. ಸಿಂಕಿನ ಸೋಪು ನೀರು ಕೊನೆಗೆ ಹೋದರೆ ಪೈಪು ತೊಳೆದಂತಾಗುತ್ತದೆ. ಆಮೇಲೆ ಕುಡಿಯುವ ನೀರಿನ ಟ್ಯಾಂಕ್, ಹೀಟರ್, ಗಾಡಿಯ ಹೊಟ್ಟೆಯ ಕೆಳಗೆ ತಗ್ಗಿನಲ್ಲಿರುವ ಎರಡು ಮುಚ್ಚಳ, ಎಲ್ಲ ತೆಗೆಯಿರಿ. ಒಳಗೆ ಬಿಸಿನೀರು, ತಣ್ಣೀರು ಎರಡೂ ನಲ್ಲಿ ತೆರೆದಿಡಿ. ಶವರ್ ಮರೆಯಬೇಡಿ. ಹೊರಗಿನ ಶವರ್ ಇದ್ದರೆ ಅದನ್ನಂತೂ ಮರೆಯಲೇಬೇಡಿ.

ನೀರು ಇಳಿದ ಮೇಲೆ ಮುಚ್ಚಳ ಹಾಕಿ, ಹೀಟರಿಗೆ ಹೋಗುವ ದಾರಿಯನ್ನು ಬೈಪಾಸ್ ವಾಲ್ವ್‌ನಿಂದ ಬಂದ್ ಮಾಡಿ, ಪಂಪಿನ ಕೊಳವೆಯನ್ನು ಚಳಿಗೆ ಪೈಪು ಒಡೆಯದಂತೆ ಕಾಯುವ ಗುಲಾಬಿ ಬಣ್ಣದ ಆರ್‌ವಿ ಆಂಟಿಫ್ರೀಜ್ ಕ್ಯಾನಿಗೆ ಇಳಿಬಿಡಿ. ಒಂದೊಂದೇ ನಲ್ಲಿ ತೆರೆದು ಗುಲಾಬಿ ನೀರು ಬಂದೊಡನೆ ಮುಚ್ಚಿ. ಎರಡು ಮೂರು ಗ್ಯಾಲನ್ ಸಾಕು. ಪ್ರತಿ ಸಿಂಕಿನ ತೂತಿಗೂ ಒಂದೊಂದು ಲೋಟ ಸುರಿಯಿರಿ. ಕಾರಿಗೆ ಹಾಕುವ ಹಸಿರು ಆಂಟಿಫ್ರೀಜ್ ವಿಷ. ಅದು ನೀರಿನ ಪೈಪಿನ ಹತ್ತಿರವೂ ಬರಬಾರದು.

ಮೂರು ದಿನದ ಸಂಸಾರಕ್ಕೆ ಐದು ಗ್ಯಾಲನ್ನಿನ ಎರಡು ಕ್ಯಾನ್ ನೀರು, ಕಾಗದದ ತಟ್ಟೆ, ಒದ್ದೆ ಒರೆಸುಬಟ್ಟೆ. ಟಾಯ್ಲೆಟ್‌ಗೆ ಒಂದು ಚೊಂಬು ಆಂಟಿಫ್ರೀಜ್. ಅಡುಗೆಗೆ ಕಾನ್ಸಸ್ ಮುಟ್ಟುವ ಮೊದಲೇ ಬಿಸಿಬೇಳೆಬಾತ್ ಪುಡಿ, ಹುಣಸೆ ಗೊಜ್ಜು, ಹುರಿದ ರವೆ ಸಿದ್ಧ ಮಾಡಿಕೊಂಡಿರುತ್ತೇನೆ. ಬೆಳಿಗ್ಗೆ ಗೊಜ್ಜವಲಕ್ಕಿ, ರಾತ್ರಿ ಒಂದೇ ಕುಕ್ಕರಿನ ಅಡುಗೆ. ತೊಳೆಯುವುದು ಎರಡೇ ಚಮಚ.

ಪ್ರೊಪೇನ್ ತುಂಬಿಸಿಕೊಳ್ಳಿ, ರಾತ್ರಿ ಹೀಟರ್ ಬೇಕು. ಓಡುವಾಗ ಮಾತ್ರ ಸಿಲಿಂಡರ್ ಬಂದ್ ಮಾಡಿ. ಫ್ರಿಜ್ ನಾಲ್ಕು ಗಂಟೆ ತಣ್ಣಗೇ ಇರುತ್ತದೆ. ಹಚ್ಚಿಕೊಂಡೇ ಓಡಿಸುವವರು ಇದ್ದಾರೆ, ನನಗೆ ಅದು ಸರಿ ಕಾಣುವುದಿಲ್ಲ.

ಹಂತ 9: ಮನೆ ತೆರೆಯುವುದು

ಡ್ರೈವ್‌ವೇ ಬಿಟ್ಟು ಹುಲ್ಲಿನ ಮೇಲೆ ಗಾಡಿ ಹತ್ತಿಸಬೇಡಿ. ಮೇಲೆ ಒಣಗಿದಂತೆ ಕಂಡರೂ ಹಿಮ ಕರಗಿದ ನೆಲ ಒಳಗೆ ಕೆಸರು, ಚಕ್ರ ಹೂತುಹೋಗುತ್ತದೆ.

ಮನೆಯೊಳಗೆ ಹೋದವರು ಮೊದಲು ಬೇಸ್‌ಮೆಂಟಿಗೆ ಇಳಿಯಿರಿ. ನೆಲದಡಿ ಸೇರುವ ನೀರನ್ನು ಹೊರಹಾಕುವ ಸಂಪ್ ಪಂಪಿನ ಗುಂಡಿಗೆ ಒಂದು ಬಕೆಟ್ ನೀರು ಸುರಿದು ಅದು ಓಡುತ್ತದಾ ನೋಡಿ, ಏಪ್ರಿಲ್‌ನಲ್ಲಿ ಅದಕ್ಕೇ ಕೆಲಸ ಜಾಸ್ತಿ. ನಂತರ ಮೇನ್ ವಾಲ್ವನ್ನು ಕಾಲು ತಿರುವು ಮಾತ್ರ ತೆರೆಯಿರಿ. ಒಬ್ಬರು ಅಲ್ಲಿ ನಿಲ್ಲಲಿ, ಇನ್ನೊಬ್ಬರು ಮೇಲೆ ಎಲ್ಲ ನಲ್ಲಿ ಬಿಟ್ಟು, ಗೋಡೆಗೆ ಕಿವಿಗೊಟ್ಟು ಓಡಾಡಲಿ. ನಲ್ಲಿ ಕೆಮ್ಮಿ, ಗಾಳಿ ಉಗುಳಿ, ಆಮೇಲೆ ಧಾರೆ ಕಟ್ಟುತ್ತದೆ. ಐದು ತಿಂಗಳು ಪೈಪಿನಲ್ಲಿ ನಿಂತ ನೀರು ಕುಡಿಯಬೇಡಿ, ಐದು ಹತ್ತು ನಿಮಿಷ ಹರಿದುಹೋಗಲಿ. ಬಳಸದ ಬಚ್ಚಲಿನ ತೂತಿಗೆ ಒಂದು ಚೊಂಬು ನೀರು ಹಾಕಿ, ಅಲ್ಲಿಯ ನೀರು ಒಣಗಿದ್ದರೆ ಚರಂಡಿ ವಾಸನೆ ಮೇಲೆ ಬರುತ್ತದೆ. ವಾಟರ್ ಹೀಟರ್ ಮತ್ತು ಫ್ರಿಜ್ ಎಲ್ಲಕ್ಕಿಂತ ಕೊನೆಗೆ ಆನ್ ಮಾಡಿ.

ಗಾಡಿಯಲ್ಲಿರುವ ಅಕ್ಕಿ, ಬೇಳೆ, ಚಟ್ನಿಪುಡಿ ಅವತ್ತೇ ಇಳಿಸಿ. ವಸಂತದಲ್ಲಿ ಇಲಿಗಳು ಮನೆ ಹುಡುಕುತ್ತಿರುತ್ತವೆ. ಆದರೆ ಗುಲಾಬಿ ಆಂಟಿಫ್ರೀಜ್ ಅನ್ನು ಪೈಪಿನಲ್ಲೇ ಬಿಡಿ. ಎರಡು ದಿನ ಬಿಸಿಲು ಬಂತು ಅಂತ ತೊಳೆಯಲು ಹೋಗಬೇಡಿ.

ಮೇ ಮಧ್ಯ ದಾಟಿದ ಮೇಲೆ ಟ್ಯಾಂಕ್ ತುಂಬಿಸಿ, 15 ಗ್ಯಾಲನ್ ನೀರಿಗೆ ಕಾಲು ಕಪ್ ಬ್ಲೀಚ್ ಹಾಕಿ, ಎಲ್ಲ ನಲ್ಲಿಯಲ್ಲೂ ಆ ವಾಸನೆ ಬರುವ ತನಕ ಬಿಟ್ಟು, ರಾತ್ರಿಯಿಡೀ ಇಟ್ಟು, ಬೆಳಿಗ್ಗೆ ಒಳ್ಳೆ ನೀರಲ್ಲಿ ತೊಳೆಯಿರಿ. ಆಮೇಲೆ ಎಲ್ಲ ನಲ್ಲಿ ಮುಚ್ಚಿ ಪಂಪ್ ಆನ್ ಮಾಡಿ. ಕೆಲವು ಕ್ಷಣ ಗುರ್ ಅಂದು ತಾನಾಗಿ ನಿಲ್ಲಬೇಕು. ರೇಡಿಯೊ ಆರಿಸಿ, ಮಾತಾಡದೆ ಹತ್ತು ನಿಮಿಷ ಕೂತು ಕೇಳಿ. ಮತ್ತೆ ಒಂದು ಸಲವೂ ಗುರ್ ಅನ್ನದಿದ್ದರೆ ಎಲ್ಲೂ ಸೋರುತ್ತಿಲ್ಲ. ಸಿಂಕ್ ಕೆಳಗಿನ ಬಾಗಿಲು ತೆಗೆದು, ಜಾಯಿಂಟುಗಳ ಮೇಲೆ ಒಣಗಿದ ಬೆರಳು ಆಡಿಸಿ ನೋಡಿ, ಅಕ್ಕಿ ಡಬ್ಬವನ್ನು ಮತ್ತೆ ಅಲ್ಲಿಡಿ.